ಪವರ್ ಪ್ರೆಸ್‌ನಲ್ಲಿ ಎರಡು ಬೆರಳು ಹೋಗಿವೆ, ಮಾಲೀಕರು ರಾಜಿ ಪತ್ರಕ್ಕೆ ಸಹಿ ಕೇಳ್ತಿದ್ದಾರೆ: ಪರಿಹಾರಕ್ಕೆ ಎಲ್ಲಿ, ಹೇಗೆ ಅರ್ಜಿ ಹಾಕಬೇಕು?

ಸಿಂಧನೂರು ಮಿತ್ರ

ನಮ್ಮ ಊರಿನ ಹುಡುಗ, ವಯಸ್ಸು 30 ತುಂಬಿದೆ. ಬೆಂಗಳೂರಿನ ಪೀಣ್ಯದಲ್ಲಿ ಶೀಟ್ ಮೆಟಲ್ ಶೆಡ್ ಒಂದರಲ್ಲಿ ಪವರ್ ಪ್ರೆಸ್ ಆಪರೇಟರ್. 2025ರ ಆಗಸ್ಟ್‌ನಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಬುಡದವರೆಗೂ ಹೋಗಿವೆ. ಸಂಬಳ ತಿಂಗಳಿಗೆ 18,000, ಅರ್ಧ ಬ್ಯಾಂಕಿಗೆ, ಅರ್ಧ ಕೈಗೆ. ಕೆಲಸಕ್ಕೆ ಸೇರಿಸಿದ್ದು ಗುತ್ತಿಗೆದಾರ, ಕೆಲಸ ಹೇಳ್ತಿದ್ದದ್ದು ಶೆಡ್ಡಿನ ಸೂಪರ್‌ವೈಸರ್. ಆಸ್ಪತ್ರೆ ಬಿಲ್ ಮಾಲೀಕರೇ ಕಟ್ಟಿದ್ದಾರೆ. ಈಗ 50,000 ಕೊಡ್ತೀವಿ, "ಇನ್ನು ಯಾವ ಹಕ್ಕೂ ಇಲ್ಲ" ಅಂತ ಛಾಪಾ ಕಾಗದದ ಮೇಲೆ ಸಹಿ ಹಾಕು ಅಂತಿದ್ದಾರೆ. ಇಎಸ್ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇಲ್ಲ, "ನಮ್ಮಲ್ಲಿ ಇರೋದೇ ಎಂಟು ಜನ" ಅನ್ನೋದು ಅವರ ಉತ್ತರ. ಹುಡುಗ ಈಗ ಊರಲ್ಲಿದ್ದಾನೆ. ಬೆಂಗಳೂರಿಗೆ ಪ್ರತಿ ತಾರೀಖಿಗೂ ಹೋಗೋದು ಆಗದ ಮಾತು. ಗೊತ್ತಿರೋರು ಹಂತ ಹಂತವಾಗಿ ಹೇಳಿ.

ಕಟಕಟೆ

ಸಹಿ ಹಾಕಿಸಬೇಡಿ. ಹಾಕಿಬಿಟ್ಟಿದ್ದರೂ ಎಲ್ಲ ಮುಗಿದುಹೋಯಿತು ಅಂತಲ್ಲ. 1923ರ ನೌಕರರ ಪರಿಹಾರ ಕಾಯಿದೆಯ 17ನೇ ಕಲಂ ಪ್ರಕಾರ ನೌಕರ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಬೆಲೆಯೇ ಇಲ್ಲ. ರಾಜಿ ಮಾಡಿಕೊಂಡರೆ ಅದನ್ನು 28ನೇ ಕಲಂ ಅಡಿ ಕಮಿಷನರ್ (ಈ ಕಾಯಿದೆಯಡಿ ಪರಿಹಾರ ತೀರ್ಮಾನಿಸುವ ಅಧಿಕಾರಿ) ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ, ಮೋಸ, ಒತ್ತಾಯ ಕಂಡರೆ ಕಮಿಷನರ್ ನೋಂದಣಿ ನಿರಾಕರಿಸಬಹುದು. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಅದು ನೋಂದಣಿ ಆಗಲ್ಲ.

ಈಗ ಯಾವ ಕಾನೂನು ಅನ್ನೋದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದಿದೆ, ಹಳೆಯ ಪರಿಹಾರ ಕಾಯಿದೆ ಅದರೊಳಗೆ ಸೇರಿದೆ. ನಿಮ್ಮ ಹುಡುಗನ ಅಪಘಾತ ಅದಕ್ಕೂ ಮುಂಚಿನದು, ಆದ್ದರಿಂದ ಹಕ್ಕು ಹುಟ್ಟಿದ್ದು ಹಳೆಯ ಕಾಯಿದೆಯಡಿ. ನಾನು ಇಲ್ಲಿ ಹೇಳುವ ಕಲಂಗಳೆಲ್ಲ ಅದರವೇ. ಅರ್ಜಿಗೆ ಗಡುವು ಅಪಘಾತದಿಂದ 2 ವರ್ಷ, ಅಂದರೆ 2027ರ ಆಗಸ್ಟ್. ಸಕಾರಣವಿದ್ದರೆ ತಡ ಮನ್ನಾ ಮಾಡುವ ಅಧಿಕಾರ ಕಮಿಷನರ್‌ಗಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. "ಇವತ್ತು ಕೊಡ್ತೀವಿ, ನಾಳೆ ಕೊಡ್ತೀವಿ" ಅಂತ ಗಡುವು ದಾಟಿಸುವುದು ಹಳೇ ಪಟ್ಟು.

ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು: ಇದು ಇಎಸ್ಐ ಕೇಸಾ, ಪರಿಹಾರ ಕಾಯಿದೆ ಕೇಸಾ? ತಪ್ಪು ಬಾಗಿಲು ತಟ್ಟಿದರೆ ವರ್ಷಗಟ್ಟಲೆ ನಡೆದ ಕೇಸು ಕೊನೆಗೆ ವಜಾ ಆಗುತ್ತೆ.

ಇಎಸ್ಐ ಲೆಕ್ಕ

ಕಟಕಟೆ ಸರ್ ಹೇಳಿದ್ದನ್ನೇ ಬಿಡಿಸ್ತೀನಿ, ಹೆಚ್ಚು ಕೇಸು ಹಾಳಾಗೋದು ಇಲ್ಲೇ.

ವಿದ್ಯುತ್ ಬಳಸುವ ಶೆಡ್‌ನಲ್ಲಿ 10 ಅಥವಾ ಹೆಚ್ಚು ಜನ ಇದ್ದು, ಸಂಬಳ ತಿಂಗಳಿಗೆ 21,000 ಮೀರದಿದ್ದರೆ ಆ ನೌಕರ ಇಎಸ್ಐ ವ್ಯಾಪ್ತಿಗೆ ಬರ್ತಾನೆ. ಹಾಗೆ ಬಂದರೆ ಇಎಸ್ಐ ಕಾಯಿದೆಯ 53ನೇ ಕಲಂ ಪ್ರಕಾರ ಪರಿಹಾರ ಕಾಯಿದೆಯಡಿ ಕೇಳುವ ಹಾಗಿಲ್ಲ. ಮಾಲೀಕ ನೋಂದಣಿ ಮಾಡಿಸಿಲ್ಲ, ವಂತಿಗೆ ಕಟ್ಟಿಲ್ಲ, ಕಾರ್ಡ್ ಕೊಟ್ಟಿಲ್ಲ ಅನ್ನೋದರಿಂದ ಇದು ಬದಲಾಗಲ್ಲ. ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಇಎಸ್ಐ ನಿಗಮವೇ ನೌಕರನಿಗೆ ಸೌಲಭ್ಯ ಕೊಟ್ಟು, ಆಮೇಲೆ 68ನೇ ಕಲಂ ಅಡಿ ಮಾಲೀಕನಿಂದ ವಸೂಲಿ ಮಾಡಬೇಕು. ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಲೇಬೇಕು ಅನ್ನೋ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತ ಆದರೂ ಹಕ್ಕಿದೆ.

"ಎಂಟು ಜನ" ಅನ್ನೋದನ್ನು ಹಾಗೇ ನಂಬಬೇಡಿ. ಗುತ್ತಿಗೆದಾರನ ಜನ, ಪ್ಯಾಕಿಂಗ್ ಹುಡುಗಿಯರು, ಲೆಕ್ಕ ಬರೆಯೋರು, ಲೋಡಿಂಗ್‌ನವರು ಎಲ್ಲರೂ ಎಣಿಕೆಗೆ ಸೇರ್ತಾರೆ. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 10 ಜನ ಇದ್ದಿದ್ದರೂ ಸಾಕು, ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಜನ ಕಡಿಮೆಯಾದರೂ ವ್ಯಾಪ್ತಿ ಹೋಗಲ್ಲ. ಶಿಫ್ಟ್‌ನವರ ವಾಟ್ಸ್ಯಾಪ್ ಗುಂಪಿನಲ್ಲಿ ಎಷ್ಟು ನಂಬರ್ ಇವೆ, ಹಬ್ಬದ ಸ್ವೀಟ್ ಬಾಕ್ಸ್ ಎಷ್ಟು ಜನಕ್ಕೆ ಹಂಚಿದರು, ಹಾಜರಾತಿ ಪುಸ್ತಕದಲ್ಲಿ ಎಷ್ಟು ಹೆಸರು ಇವೆ, ಹುಡುಗನನ್ನೇ ಕೇಳಿ.

ಇಎಸ್ಐ ಆದರೆ ಕಮ್ಮಿ ಸಿಗುತ್ತೆ ಅನ್ನೋ ತಪ್ಪು ತಿಳಿವಳಿಕೆ ಬಹಳ ಇದೆ. ಚಿಕಿತ್ಸೆ ಪೂರ್ತಿ ಅವರದು. ಕೆಲಸಕ್ಕೆ ಹೋಗಲಾಗದ ಅವಧಿಗೆ ಸರಾಸರಿ ದಿನಗೂಲಿಯ 90%. ಮೆಡಿಕಲ್ ಬೋರ್ಡ್ ಶಾಶ್ವತ ದುರ್ಬಲತೆ 20% ಅಂದರೆ ಆ 90%ರ ಐದನೇ ಒಂದು ಭಾಗ ಜೀವನಪರ್ಯಂತ. 18,000 ಸಂಬಳಕ್ಕೆ ಅಂದಾಜು ತಿಂಗಳಿಗೆ 3,240. ಹುಡುಗ ಬೇರೆ ಕಡೆ ಕೆಲಸಕ್ಕೆ ಸೇರಿದರೂ ಅದು ನಿಲ್ಲಲ್ಲ. ಬೋರ್ಡ್ ಹೇಳಿದ್ದು ಕಡಿಮೆ ಅನಿಸಿದರೆ ಮೆಡಿಕಲ್ ಅಪೀಲು ಟ್ರಿಬ್ಯೂನಲ್‌ಗೆ ಅಥವಾ ನೇರವಾಗಿ ಇಎಸ್ಐ ನ್ಯಾಯಾಲಯಕ್ಕೆ ಹೋಗಬಹುದು.

ಮಾಡಬೇಕಾದ್ದು: ಪೀಣ್ಯ ವ್ಯಾಪ್ತಿಯ ಇಎಸ್ಐ ಶಾಖಾ ಕಚೇರಿಗೆ ಲಿಖಿತ ದೂರು ಕೊಡಿ. ಸಂಸ್ಥೆಯ ವಿಳಾಸ, ಕೆಲಸಗಾರರ ಸಂಖ್ಯೆ, ಅಪಘಾತದ ದಿನ, ವೇಳೆ ಬರೆದು, ಅಪಘಾತ ವರದಿ ಬಂದಿದೆಯೇ ಎಂದು ಕೇಳಿ, ಸ್ವೀಕೃತಿ ಪಡೆಯಿರಿ. ವ್ಯಾಪ್ತಿಗೆ ಬರಲ್ಲ ಅಂತ ಅವರು ಲಿಖಿತವಾಗಿ ಹೇಳಿದರೆ ಅದೇ ಕಾಗದ ಪರಿಹಾರ ಅರ್ಜಿಗೆ ದೊಡ್ಡ ಬಲ. ನಾಳೆ ವಿಮಾ ಕಂಪನಿ "ಇದು ಇಎಸ್ಐ ಕೇಸು" ಅಂತ ತಕರಾರು ಎತ್ತಿದರೆ ಮುಂದಿಡಬಹುದು.

ಹುಬ್ಬಳ್ಳಿ ಯೂನಿಯನ್

ಬರೋಬ್ಬರಿ ಹೇಳ್ಯಾರ. ಅದರ ಜೋಡಿ ಇನ್ನೊಂದು, ಮೊದಲ ದಿನದ ದವಾಖಾನಿ ಕಾಗದ ನೋಡ್ರಿ. ಡಿಸ್ಚಾರ್ಜ್ ಸಮರಿ ಅಲ್ಲ, ಕ್ಯಾಜುವಾಲ್ಟಿಯೊಳಗ ಬರದಿದ್ದು. ಅಪಘಾತ ರಿಜಿಸ್ಟರ್ ಮತ್ತ ವೂಂಡ್ ಸರ್ಟಿಫಿಕೇಟ್‌ನ್ಯಾಗ "ಗಾಯ ಹ್ಯಾಂಗ ಆತು" ಅಂತ ಒಂದ ಸಾಲು ಇರ್ತದ. ಕರಕೊಂಡು ಹೋದ ಸೂಪರ್‌ವೈಸರ್ ಅಲ್ಲಿ "ಮನ್ಯಾಗ ಗ್ರೈಂಡರ್‌ಗೆ ಕೈ ಸಿಕ್ಕಿತು", "ಬೈಕ್‌ನಿಂದ ಬಿದ್ದ" ಅಂತ ಹೇಳಿ ಬರಸಿರ್ತಾನ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ದವಾಖಾನಿ ಕೇಸು) ಆಗಬಾರದು, ಪೊಲೀಸರಿಗೆ ಸುದ್ದಿ ಹೋಗಬಾರದು ಅಂತ. ಆ ಒಂದ ಸಾಲು ಹಿಡಕೊಂಡು ಕೋರ್ಟಿನ್ಯಾಗ ಪೂರ್ತಿ ಕೇಸ ಅಲ್ಲಾಡಸ್ತಾರ.

ತಪ್ಪು ಬರದಿದ್ರ ಈಗ್ಲೇ ಮಾಡ್ರಿ: ದವಾಖಾನಿಗೆ ಅರ್ಜಿ ಕೊಟ್ಟು ಕೇಸ್ ಶೀಟ್ ಪೂರಾ ನಕಲು ತಗೋರಿ. ಭರ್ತಿ ಆದ ಮ್ಯಾಲ ಡಾಕ್ಟರು ಮತ್ತ ನರ್ಸ್ ಬರದ ಟಿಪ್ಪಣಿಯೊಳಗ "ಮಷೀನ್ ಪ್ರೆಸ್ ಇಂಜುರಿ" ಅಂತ ಬರದಿರೋ ಸಾಧ್ಯತೆ ಭಾಳ, ಯಾಕಂದ್ರ ಗಾಯದ ಸ್ವರೂಪ ನೋಡಿದ್ರ ಗೊತ್ತಾಗ್ತದ. ಬಿಲ್ ಯಾರ ಹೆಸರಿಗೆ ಆಗೇದ, ಯಾರ ಖಾತೆಯಿಂದ ರೊಕ್ಕ ಹೋಗೇದ ಅನ್ನೋದೂ ಸಾಕ್ಷಿ. ಮನ್ಯಾಗ ಆದ ಗಾಯಕ್ಕ ಯಾವ ಮಾಲಕ ಬಿಲ್ ಕಟ್ಟತಾನ್ರಿ?

ಸಿಂಧನೂರು ಮಿತ್ರ

ಕೇಳಿದೆ. ಎಂಎಲ್‌ಸಿ ಆಗಿದೆ, "ಕೆಲಸ ಮಾಡುವಾಗ ಮಷೀನಿಗೆ ಸಿಕ್ಕಿ" ಅಂತ ಇದೆಯಂತೆ. ಎಫ್ಐಆರ್ ಆಗಿಲ್ಲ. ಇನ್ನೊಂದು ಭಯ, "ನೀನೇ ಗಾರ್ಡ್ ತೆಗೆದಿದ್ದೆ, ತಪ್ಪು ನಿನ್ನದೇ, ಕೋರ್ಟಿಗೆ ಹೋದರೆ ಒಂದು ಪೈಸೆ ಬರಲ್ಲ" ಅಂತ ಹೆದರಿಸಿದ್ದಾರೆ.

ಪೀಣ್ಯ ಟೂಲ್‌ರೂಮ್

ಗಾರ್ಡ್ ವಿಷಯ ನಾನು ಹೇಳ್ತೀನಿ, ಮಷೀನ್ ಗೊತ್ತಿಲ್ಲದೆ ಈ ವಾದ ಮುರಿಯೋಕೆ ಆಗಲ್ಲ.

ಪವರ್ ಪ್ರೆಸ್‌ಗೆ ಎರಡು ಕೈಯ ಬಟನ್ ಇರುತ್ತೆ. ಎರಡೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿಂದ ಬಡಿಯುವ ರ‍್ಯಾಮ್ ಇಳಿಯಬೇಕು, ಆಗ ಕೈ ಡೈ (ಅಚ್ಚು) ಒಳಗೆ ಇರೋಕೆ ಸಾಧ್ಯವಿಲ್ಲ. ಪ್ರೊಡಕ್ಷನ್ ಹೆಚ್ಚಿಸೋಕೆ ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿಟ್ಟಿರ್ತಾರೆ, ಅಥವಾ ಬಟನ್ ಸರ್ಕ್ಯೂಟನ್ನೇ ಬೈಪಾಸ್ ಮಾಡಿ ಕಾಲು ಪೆಡಲ್ ಹಾಕಿರ್ತಾರೆ. ಆಗ ಒಂದು ಕೈಯಲ್ಲಿ ಪೀಸ್ ಇಡುವಾಗಲೇ ಕಾಲು ಪೆಡಲ್ ಮೇಲೆ ಇರುತ್ತೆ. ಹಳೇ ಕೀ ಕ್ಲಚ್ ಪ್ರೆಸ್‌ಗಳಲ್ಲಿ ಇನ್ನೊಂದು ಅಪಾಯ, ಕ್ಲಚ್ ಸವೆದಿದ್ದರೆ ಒಮ್ಮೆ ಒತ್ತಿದ್ದಕ್ಕೆ ರ‍್ಯಾಮ್ ಎರಡು ಸಲ ಇಳಿಯುತ್ತೆ. ಮೊದಲ ಹೊಡೆತ ಮುಗೀತು ಅಂತ ಕೈ ಹಾಕಿದವನಿಗೆ ಎರಡನೇ ಹೊಡೆತ.

ಹುಡುಗನಿಂದ ಇಷ್ಟು ತಿಳಿದುಕೊಳ್ಳಿ: ಪೆಡಲ್ ಇತ್ತಾ? ಯಾರು ಹಾಕಿಸಿದ್ದು? ಪೀಸ್ ಎತ್ತೋಕೆ ಇಕ್ಕಳ ಕೊಟ್ಟಿದ್ದರಾ, ಬರಿಗೈಯಾ? ಗಂಟೆಗೆ ಎಷ್ಟು ಪೀಸ್ ಟಾರ್ಗೆಟ್? ಪಕ್ಕದ ಮಷೀನ್‌ಗಳಲ್ಲಿ ಗಾರ್ಡ್ ಇತ್ತಾ? ಎಲ್ಲ ಮಷೀನ್‌ಗೂ ಗಾರ್ಡ್ ಇಲ್ಲ ಅಂದರೆ ಇವನೊಬ್ಬ ತೆಗೆದ ಅನ್ನೋ ಮಾತು ನಿಲ್ಲಲ್ಲ. ಒಳಗಿರೋ ಗೆಳೆಯರು ಮಷೀನಿನ ಫೋಟೋ ಕಳಿಸಿದರೆ ಒಳ್ಳೇದು, ಅಪಘಾತ ಆದ ವಾರದಲ್ಲೇ ಹೊಸ ಗಾರ್ಡ್ ಬಂದು ಕೂತಿರುತ್ತೆ.

ಕಟಕಟೆ

ಕಾನೂನಿನ ಕಡೆಯಿಂದ ಇದಕ್ಕೆ ಸೇರಿಸ್ತೀನಿ. ಪರಿಹಾರ ಕಾಯಿದೆಯಲ್ಲಿ ಮಾಲೀಕನ ತಪ್ಪು ತೋರಿಸಬೇಕಿಲ್ಲ, ನೌಕರನ ಅಜಾಗರೂಕತೆಯೂ ಅಡ್ಡ ಬರಲ್ಲ. ಮಾಲೀಕ ತಪ್ಪಿಸಿಕೊಳ್ಳೋಕೆ ಇರೋದು ಮೂರೇ ದಾರಿ: ನೌಕರ ಕುಡಿತ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿದ್ದ, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕಂತಲೇ ಮೀರಿದ, ಸುರಕ್ಷಾ ಸಾಧನ ಅಂತ ಗೊತ್ತಿದ್ದೂ ಬೇಕಂತಲೇ ತೆಗೆದ. "ಬೇಕಂತಲೇ" ಅನ್ನೋದನ್ನು ರುಜುವಾತು ಮಾಡುವ ಹೊಣೆ ಮಾಲೀಕನದು. ಸಾವು ಅಥವಾ ಶಾಶ್ವತ ಸಂಪೂರ್ಣ ದುರ್ಬಲತೆ ಆದರೆ ಈ ಮೂರೂ ನಡೆಯಲ್ಲ. ಆದರೆ ನಿಮ್ಮದು ಭಾಗಶಃ ದುರ್ಬಲತೆ, ಆದ್ದರಿಂದ ಈ ವಾದ ಬಂದೇ ಬರುತ್ತೆ. ಪೆಡಲ್ ಹಾಕಿಸಿದ್ದು ಸೂಪರ್‌ವೈಸರ್, ಅದರಲ್ಲೇ ದಿನಾ ಕೆಲಸ ಮಾಡಿಸ್ತಿದ್ದರು ಅನ್ನೋದು ಅರ್ಜಿಯಲ್ಲೂ ಅಫಿಡವಿಟ್‌ನಲ್ಲೂ ಒಂದೇ ರೀತಿ ಇರಬೇಕು. ಪಾಟಿ ಸವಾಲಿನಲ್ಲಿ ಮೊದಲ ಸಲ ಹೇಳಿದರೆ ಆಮೇಲೆ ಹೊಳೆದ ಕಥೆ ಅಂತಾರೆ.

ಎಫ್ಐಆರ್ ಇಲ್ಲದಿದ್ದರೂ ಅರ್ಜಿ ನಡೆಯುತ್ತೆ. ಆದರೂ ಠಾಣೆಗೆ ಲಿಖಿತ ದೂರು ಕೊಡಿ. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 289ನೇ ಕಲಂ, ಜೀವಕ್ಕೆ ಅಪಾಯ ತಂದ ದುಡುಕಿಗೆ 125ನೇ ಕಲಂ ಇದೆ. ಕಾರ್ಖಾನೆ ಅಂತ ನೋಂದಣಿ ಆಗಿದ್ದರೆ ಕಾರ್ಖಾನೆಗಳ ಇಲಾಖೆಗೂ ಒಂದು ಪ್ರತಿ. ಇನ್‌ಸ್ಪೆಕ್ಟರ್ ಬಂದು ವರದಿ ಬರೆದರೆ ಮಾಹಿತಿ ಹಕ್ಕಿನಲ್ಲಿ ನಕಲು ಪಡೆಯಬಹುದು.

ಸಿಂಧನೂರು ಮಿತ್ರ

ಇಎಸ್ಐ ಅಲ್ಲ ಅಂತಾದರೆ ಎಷ್ಟು ಬರಬಹುದು? 50,000 ದೊಡ್ಡ ಮೊತ್ತ ಅಂತ ಮನೆಯವರು ಒಪ್ಪೋಕೆ ತಯಾರಾಗಿದ್ದಾರೆ.

ಕಟಕಟೆ

ಲೆಕ್ಕ ಹಾಕಿ ತೋರಿಸ್ತೀನಿ, ಮನೆಯವರಿಗೂ ತೋರಿಸಿ.

2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಸಂಬಳ 15,000. ಇವನ ಸಂಬಳ 18,000 ಆದರೂ 15,000 ಅಂತಲೇ ಹಿಡೀತಾರೆ. ಸಂಪೂರ್ಣ ದುರ್ಬಲತೆಗೆ ಅದರ 60%, ಅಂದರೆ 9,000. ಅದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ನಾಲ್ಕನೇ ಅನುಸೂಚಿಯಲ್ಲಿ 30 ವರ್ಷಕ್ಕೆ 207.98. ಗುಣಿಸಿದರೆ 18,71,820. ಒಂದೇ ಕೈಯ ಎರಡು ಬೆರಳು ಹೋದರೆ ಮೊದಲನೇ ಅನುಸೂಚಿಯಲ್ಲಿ 20%. ಆಗ ಪರಿಹಾರ 3,74,364. ಅದರ ಮೇಲೆ ವರ್ಷಕ್ಕೆ 12% ಸರಳ ಬಡ್ಡಿ, ಸುಮಾರು 44,900. ಅವರು ತೋರಿಸ್ತಿರೋ 50,000 ಒಂದು ವರ್ಷದ ಬಡ್ಡಿಗಿಂತ ಸ್ವಲ್ಪ ಹೆಚ್ಚು ಅಷ್ಟೇ.

ತೋರುಬೆರಳಿಗೆ 14, ನಡುಬೆರಳಿಗೆ 12, ಕೂಡಿದರೆ 26 ಅಂತ ಕೆಲವರು ಅರ್ಜಿಯಲ್ಲಿ ಬರೀತಾರೆ. ಎರಡು ಬೆರಳಿಗೆ ಅಂತಲೇ ಪಟ್ಟಿಯಲ್ಲಿ ಬೇರೆ ಸಾಲು ಇರುವಾಗ ವಿಮಾ ವಕೀಲರು ಅದನ್ನೇ ತೋರಿಸ್ತಾರೆ. 20ಕ್ಕಿಂತ ಹೆಚ್ಚು ಕೇಳಬೇಕಾದರೆ ವೈದ್ಯಕೀಯ ಆಧಾರ ಬೇಕು.

ಇದಲ್ಲದೆ ಚಿಕಿತ್ಸೆಯಲ್ಲಿದ್ದು ಕೆಲಸಕ್ಕೆ ಹೋಗಲಾಗದ ಅವಧಿಗೆ ಪ್ರತಿ 15 ದಿನಕ್ಕೆ ತಿಂಗಳ ಸಂಬಳದ 25%, ಅಂದರೆ 3,750. ಚಿಕಿತ್ಸೆಯ ನಿಜವಾದ ಖರ್ಚು 4(2ಎ) ಕಲಂ ಪ್ರಕಾರ ಪ್ರತ್ಯೇಕ. ಮಾಲೀಕರು ಆಸ್ಪತ್ರೆಗೆ ಕಟ್ಟಿದ ಬಿಲ್ಲನ್ನು ಈ 3,74,364ರಲ್ಲಿ ಮುರಿದುಕೊಳ್ಳುವ ಹಾಗಿಲ್ಲ, ಚಿಕಿತ್ಸೆಗೆ ಕೊಟ್ಟದ್ದು ಪರಿಹಾರ ಅಲ್ಲ ಅಂತ ಕಾಯಿದೆಯಲ್ಲೇ ವಿವರಣೆ ಇದೆ. "ಬಿಲ್ಲಿಗೇ ಅಷ್ಟು ಖರ್ಚು ಮಾಡಿದ್ದೀವಿ" ಅನ್ನೋ ಮಾತಿಗೆ ಮಣಿಯಬೇಡಿ.

ಸಕಾರಣವಿಲ್ಲದೆ ಸತಾಯಿಸಿದ್ದು ಕಂಡರೆ ಪರಿಹಾರದ 50%ವರೆಗೆ ದಂಡವನ್ನೂ ಹಾಕಬಹುದು, ಅದಕ್ಕೆ ಮೊದಲು ಮಾಲೀಕನಿಗೆ ಕಾರಣ ಕೇಳುವ ನೋಟಿಸ್ ಆಗಬೇಕು. ಅರ್ಜಿಯಲ್ಲೇ ದಂಡವನ್ನು ಕೇಳಿರಬೇಕು. ಬಹಳ ಅರ್ಜಿಗಳಲ್ಲಿ ಆ ಕೋರಿಕೆಯೇ ಇರಲ್ಲ.

ಮೂಳೆ ವೈದ್ಯೆ

ವೈದ್ಯಕೀಯ ಆಧಾರದ ಬಗ್ಗೆ. ಉಳಿದ ಬೆರಳುಗಳನ್ನು ಯಾರೂ ನೋಡೋದೇ ಇಲ್ಲ. ಜಜ್ಜಿದ ಗಾಯದಲ್ಲಿ ಪಕ್ಕದ ಉಂಗುರ ಬೆರಳಿನ ಸ್ನಾಯುರಜ್ಜು ಅಂಟಿಕೊಂಡು ಬೆರಳು ಪೂರ್ತಿ ಸೆಟೆದು ನಿಲ್ಲೋದು ಸಾಮಾನ್ಯ. ಪಟ್ಟಿಯ ಟಿಪ್ಪಣಿಯ ಪ್ರಕಾರ ಅಂಗದ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋದರೆ ಆ ಅಂಗವೇ ಹೋದ ಹಾಗೆ. ಉಂಗುರ ಬೆರಳೂ ನಿರುಪಯೋಗಿ ಅಂತ ಪರೀಕ್ಷೆಯಲ್ಲಿ ಕಂಡರೆ ಮೂರು ಬೆರಳಿನ ಸಾಲು ಅನ್ವಯಿಸುತ್ತೆ, 30%. ಕಟಕಟೆ ಅವರ ಲೆಕ್ಕದಲ್ಲಿ ಅದು 5,61,546. ಒಂದು ಬೆರಳಿನ ಚಲನೆಯನ್ನು ಅಳೆದು ಬರೆಯದೇ ಹೋದರೆ 1,87,182 ರೂಪಾಯಿ ವ್ಯತ್ಯಾಸ.

ಪ್ರಮಾಣಪತ್ರದಲ್ಲಿ ಇರಬೇಕಾದ್ದು: ಯಾವ ಗೆಣ್ಣಿನ ಮಟ್ಟದಲ್ಲಿ ಬೆರಳು ಹೋಗಿದೆ, ಇತ್ತೀಚಿನ ಎಕ್ಸ್‌ರೇ, ಉಳಿದ ಪ್ರತಿ ಬೆರಳಿನ ಪ್ರತಿ ಗೆಣ್ಣು ಎಷ್ಟು ಡಿಗ್ರಿ ಮಡಚುತ್ತೆ, ಹಿಡಿತದ ಬಲ, ಚಿವುಟುವ ಹಿಡಿತ, ಸ್ಪರ್ಶಜ್ಞಾನ, ಬಲಗೈ ಬಳಕೆಯವನೇ ಅನ್ನೋದು. ಕೊನೆಗೆ ಮುಖ್ಯವಾದದ್ದು, ಪ್ರೆಸ್ ಆಪರೇಟರ್ ಕೆಲಸಕ್ಕೆ ಇದರಿಂದ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂಬ ಅಭಿಪ್ರಾಯ. "ಕೈಗೆ 35% ಅಂಗವೈಕಲ್ಯ" ಅಂತಷ್ಟೇ ಬರೆದರೆ ಎದುರಿನವರು ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಅಂತ ಇಳಿಸೋಕೆ ನೋಡ್ತಾರೆ. ಪಟ್ಟಿಯಲ್ಲಿಲ್ಲದ ಗಾಯಗಳಿಗೆ, ಉದಾಹರಣೆಗೆ ಬೆನ್ನುಮೂಳೆ ಮುರಿತಕ್ಕೆ, ಈ ಅಭಿಪ್ರಾಯವೇ ಕೇಸಿನ ಜೀವ.

ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಬೇರೆ ಸೌಲಭ್ಯಗಳಿಗೆ ಮಾಡಿಸಿ, ಆದರೆ ಅದರ ಶೇಕಡಾವಾರು ಈ ಕಾಯಿದೆಯ ಪಟ್ಟಿಯದಲ್ಲ. ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ಹೇಳಿದರೆ ಹೆಚ್ಚು ತೂಕ. ಗಾಯ ಪೂರ್ತಿ ಮಾಗಿ ಫಿಸಿಯೋಥೆರಪಿ ಮುಗಿಯುವ ಮೊದಲು ಅಳತೆ ಮಾಡಿಸಬೇಡಿ, "ಇನ್ನೂ ಸುಧಾರಿಸಬಹುದು" ಅಂತ ಪಾಟಿ ಸವಾಲಿನಲ್ಲಿ ಒಪ್ಪಿಕೊಳ್ಳಬೇಕಾಗುತ್ತೆ.

ಹುಬ್ಬಳ್ಳಿ ಯೂನಿಯನ್

ಮಾಲಕರ ಕಡೆಯಿಂದ "ನಮ್ಮ ಡಾಕ್ಟರ್ ಕಡೆ ತೋರಸು" ಅಂತ ನೋಟಿಸ್ ಬಂದ್ರ ಹೋಗಲಾರದ ಕುಂದರಬ್ಯಾಡ್ರಿ. ಖರ್ಚು ಅವರದ. ನಿರಾಕರಿಸಿದ್ರ ಹಕ್ಕು ಅಷ್ಟು ದಿನ ಅಮಾನತು ಆಗ್ತದ, 11ನೇ ಕಲಂ.

ಸಿಂಧನೂರು ಮಿತ್ರ

ಎಲ್ಲಿ ಹಾಕಬೇಕು? ಲೇಬರ್ ಆಫೀಸಿನಲ್ಲಾ? ಮತ್ತೆ ಸಂಬಳದ ಅರ್ಧ ಕೈಗೆ ಕೊಟ್ಟಿದ್ದಕ್ಕೆ ಸಾಕ್ಷಿ ಏನೂ ಇಲ್ಲ.

ಕಟಕಟೆ

ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳೇ ಕಮಿಷನರ್ ಆಗಿದ್ದರು. ಈಗ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳು, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ. ಆದರೆ ನೀವು ಬೆಂಗಳೂರಿಗೆ ಹೋಗಬೇಕಿಲ್ಲ. 21ನೇ ಕಲಂ ಪ್ರಕಾರ ಅಪಘಾತ ನಡೆದ ಜಾಗ, ಅರ್ಜಿದಾರ ಸಾಮಾನ್ಯವಾಗಿ ವಾಸವಿರುವ ಜಾಗ, ಮಾಲೀಕನ ನೋಂದಾಯಿತ ಕಚೇರಿ ಇರುವ ಜಾಗ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಹುಡುಗ ಊರಿಗೆ ಬಂದು ನೆಲೆಸಿದ್ದರೆ ಸಿಂಧನೂರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹಾಕಿ. ಆಧಾರ್, ಪಡಿತರ ಚೀಟಿ ಊರಿನ ವಿಳಾಸದ್ದೇ ಇರಲಿ. ಹಾಗೆ ಬೇರೆಡೆ ಹಾಕಿದಾಗ ಅಪಘಾತ ನಡೆದ ವ್ಯಾಪ್ತಿಯ ಕಮಿಷನರ್‌ಗೆ ನೋಟಿಸ್ ಹೋಗಬೇಕು, ಅದನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಅದಕ್ಕೆ ಮೊದಲು ಗುತ್ತಿಗೆದಾರನಿಗೂ ಶೆಡ್ ಮಾಲೀಕನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ದೊಡ್ಡ ಭಾಷೆ ಬೇಡ. ಹೆಸರು, ವಿಳಾಸ, ಯಾವತ್ತು, ಯಾವ ಮಷೀನ್, ಹೇಗಾಯಿತು, ಏನು ಹೋಯಿತು, ಸಾಮಾನ್ಯ ಮಾತಿನಲ್ಲಿ ಇದ್ದರೆ ಸಾಕು ಅಂತ ಕಾಯಿದೆಯೇ ಹೇಳುತ್ತೆ. ಲಕೋಟೆ ವಾಪಸ್ ಬಂದರೂ ಒಡೆಯದೆ ಇಟ್ಟುಕೊಳ್ಳಿ.

ಪ್ರತಿವಾದಿಗಳು ಮೂವರು: ಗುತ್ತಿಗೆದಾರ, ಶೆಡ್ ಮಾಲೀಕ, ವಿಮಾ ಕಂಪನಿ ಇದ್ದರೆ ಅದು. 12ನೇ ಕಲಂ ಪ್ರಕಾರ ಗುತ್ತಿಗೆದಾರನ ಮೂಲಕ ತನ್ನದೇ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ ನೇರವಾಗಿ ಹೊಣೆ, ಅವನು ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಗುತ್ತಿಗೆದಾರನೊಬ್ಬನ ಮೇಲೆ ಹಾಕಿದರೆ ಆದೇಶ ಸಿಗುತ್ತೆ, ಆಳು ಸಿಗಲ್ಲ.

ಸಂಬಳಕ್ಕೆ ಬ್ಯಾಂಕ್ ಪಾಸ್‌ಬುಕ್ ಇದೆ. ಉಳಿದದ್ದಕ್ಕೆ ಫೋನ್‌ಪೇ, ಸೂಪರ್‌ವೈಸರ್ ಕಳಿಸಿದ ಸಂದೇಶ, ಓವರ್‌ಟೈಮ್ ಬರೆದಿಟ್ಟ ಡೈರಿ, ಜೊತೆಗಾರರ ಸಾಕ್ಷಿ. ಹಾಜರಾತಿ, ವೇತನ ರಿಜಿಸ್ಟರ್ ಹಾಜರುಪಡಿಸಲು ಮಾಲೀಕನಿಗೆ ಆದೇಶಿಸಿ ಅಂತ ಅರ್ಜಿ ಹಾಕಿ. ತರದೇ ಹೋದರೆ ಅದು ಅವನ ವಿರುದ್ಧವೇ ಹೋಗುತ್ತೆ. 9,000 ಮಾತ್ರ ಅಂತ ವಾದಿಸಿದರೆ ಆ ದರ್ಜೆಯ ಕೆಲಸಕ್ಕೆ ರಾಜ್ಯ ಸರ್ಕಾರದ ಕನಿಷ್ಠ ವೇತನ ಅಧಿಸೂಚನೆಯನ್ನು ಮುಂದಿಡಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿದ್ದೇನೆ ಅಂತ ಕೋರ್ಟಿನಲ್ಲಿ ಹೇಳೋದು ಯಾವ ಮಾಲೀಕನಿಗೂ ಸುಲಭವಲ್ಲ.

ಇಎಸ್ಐ ಲೆಕ್ಕ

ವಕೀಲರ ಫೀಜಿನ ಬಗ್ಗೆಯೂ ಹೇಳಿ ಸರ್. "ಬಂದಿದ್ದರಲ್ಲಿ 30% ನಂಗೆ" ಅನ್ನೋ ಒಪ್ಪಂದಕ್ಕೆ ಆಸ್ಪತ್ರೆ ಬಾಗಿಲಲ್ಲೇ ಸಹಿ ಹಾಕಿಸಿಕೊಳ್ಳೋರು ಇದ್ದಾರೆ.

ಕಟಕಟೆ

ಬಂದ ಮೊತ್ತದಲ್ಲಿ ಪಾಲು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಫೀಜು ಎಷ್ಟು ಅಂತ ಮೊದಲೇ ಮಾತಾಡಿ, ರಸೀದಿ ಪಡೆಯಿರಿ. ಖಾಲಿ ಚೆಕ್, ಖಾಲಿ ಕಾಗದಕ್ಕೆ ಸಹಿ ಬೇಡ.

ಅದಕ್ಕಿಂತ ಮೊದಲು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ನ್ಯಾಯಾಲಯದ ಆವರಣದಲ್ಲೇ ಇರುತ್ತೆ. 1987ರ ಕಾಯಿದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ಸಹಾಯವಾಣಿ 15100. ಪ್ಯಾನೆಲ್ ವಕೀಲರು ಕೆಲಸ ಮಾಡ್ತಿಲ್ಲ ಅನಿಸಿದರೆ ಬದಲಿಸಿಕೊಡಿ ಅಂತ ಅರ್ಜಿ ಕೊಡಬಹುದು, ಅದಕ್ಕೆ ಸಂಕೋಚ ಬೇಡ.

ಲಾರಿ ಅಡ್ಡ

ಇದನ್ನು ಓದುವ ಡ್ರೈವರ್, ಕ್ಲೀನರ್‌ಗಳಿಗೂ ಒಂದು ಮಾತು. ಡ್ಯೂಟಿ ಮೇಲಿದ್ದ ಡ್ರೈವರ್ ತನ್ನದೇ ತಪ್ಪಿನಿಂದ ಮರಕ್ಕೆ ಗುದ್ದಿ ಗಾಯಗೊಂಡರೆ ಮೋಟಾರು ಅಪಘಾತ ಟ್ರಿಬ್ಯೂನಲ್‌ನಲ್ಲಿ ತಪ್ಪಿನ ಆಧಾರದ ಮೇಲೆ ತನ್ನ ವಾಹನದ ವಿಮೆಯಿಂದ ಕೇಳೋಕೆ ಆಗಲ್ಲ, ಪರಿಹಾರ ಕಾಯಿದೆಯಡಿ ಆಗುತ್ತೆ. ಎದುರಿನ ವಾಹನದ ತಪ್ಪಾದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು, ಮೋಟಾರು ವಾಹನ ಕಾಯಿದೆಯ 167ನೇ ಕಲಂ. ಅಲ್ಲಿ 15,000ದ ಮಿತಿ ಇಲ್ಲ, ಹಾಗಾಗಿ ಒಳ್ಳೆ ಸಂಬಳದವರಿಗೆ ಟ್ರಿಬ್ಯೂನಲ್ ಮೇಲು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತಕ್ಕೂ ಈಗ ಬಾಗಿಲು ತೆರೆದಿದೆ. ರಾತ್ರಿ ಪಾಳಿಗೆ ಹೊರಟಿದ್ದ ಸಕ್ಕರೆ ಕಾರ್ಖಾನೆ ಕಾವಲುಗಾರನ ಕೇಸಿನಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಸಮಯ, ಜಾಗ, ಸಂದರ್ಭಕ್ಕೂ ಕೆಲಸಕ್ಕೂ ನಂಟಿದ್ದರೆ ಪರಿಹಾರ ಕೊಡಬೇಕು ಅಂದಿದೆ.

ಹುಬ್ಬಳ್ಳಿ ಯೂನಿಯನ್

ಕಾರ್ಮಿಕ ತೀರಿಕೊಂಡಿದ್ರ ಇನ್ನೊಂದು ಲಕ್ಷ್ಯ ಇಡ್ರಿ. ಮಾಲಕ ಮನಿಗೆ ಬಂದು ಹೆಂಡತಿ ಕೈಯಾಗ ರೊಕ್ಕ ಕೊಟ್ಟು ಸಹಿ ಹಾಕಿಸಿಕೊಂಡ್ರ ಅದು ಪರಿಹಾರ ಕೊಟ್ಟಂಗ ಅಲ್ಲ. 8ನೇ ಕಲಂ ಪ್ರಕಾರ ಕಮಿಷನರ್ ಹತ್ರನ ಠೇವಣಿ ಇಡಬೇಕು. ಅವಲಂಬಿತರಿಗೆ ಮುಂಗಡ ಅಂತ ಕೊಟ್ಟಿದ್ರ ಮೂರು ತಿಂಗಳ ಪಗಾರದಷ್ಟು ಮಾತ್ರ ಲೆಕ್ಕಕ್ಕ ಬರ್ತದ.

ಕಟಕಟೆ ಸರ್, ಒಂದು ಸಂಶಯ. ಬಡ್ಡಿ ವಿಮಾ ಕಂಪನಿನ ಕೊಡತದ ಅಂತಾರ, ಕೆಲವು ಆದೇಶದಾಗ ಮಾಲಕನ ಮ್ಯಾಲ ಹಾಕ್ಯಾರ. ಯಾವುದು ಖರೆ?

ಕಟಕಟೆ

ಎರಡೂ ನಿಜ, ಪಾಲಿಸಿ ಯಾವುದು ಅನ್ನೋದರ ಮೇಲೆ ನಿಂತಿದೆ. ವಾಹನದ ಪಾಲಿಸಿಯಾದರೆ ಪರಿಹಾರ ಮತ್ತು ಬಡ್ಡಿ ವಿಮಾ ಕಂಪನಿಯದು, ದಂಡ ಮಾತ್ರ ಮಾಲೀಕನದು ಅಂತ 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾರ್ಖಾನೆಯವರು ತಗೊಳ್ಳುವ ನೌಕರರ ಪರಿಹಾರ ಪಾಲಿಸಿಯಲ್ಲಿ ಬಡ್ಡಿ ನಮ್ಮದಲ್ಲ ಅಂತ ಷರತ್ತು ಹಾಕಿಕೊಳ್ಳುವುದಕ್ಕೆ 2006ರ ತೀರ್ಪು ಅವಕಾಶ ಕೊಟ್ಟಿದೆ. ಚಿಕಿತ್ಸಾ ವೆಚ್ಚಕ್ಕೂ ಎಷ್ಟೋ ಪಾಲಿಸಿಗಳಲ್ಲಿ ಬೇರೆ ಪ್ರೀಮಿಯಂ ಕಟ್ಟಿರಬೇಕು. ಅದಕ್ಕೇ ಪಾಲಿಸಿಯ ಮೊದಲ ಪುಟ ಮಾತ್ರ ಸಾಲದು, ಷರತ್ತುಗಳಿರುವ ಪೂರ್ತಿ ಪ್ರತಿ ಹಾಜರಾಗಬೇಕು. ನೌಕರನಿಗೆ ಅದರಿಂದ ನಷ್ಟವಿಲ್ಲ, ವಿಮೆ ಕೊಡದ ಭಾಗ ಮಾಲೀಕನ ತಲೆಗೆ.

ಬಡ್ಡಿ ಯಾವತ್ತಿನಿಂದ ಅನ್ನೋದರಲ್ಲೂ ಎಚ್ಚರ. ಪರಿಹಾರ ಸಲ್ಲಬೇಕಾದ್ದು ಅಪಘಾತದ ದಿನವೇ ಅಂತ 1975ರ ಸುಪ್ರೀಂ ಕೋರ್ಟ್ ತೀರ್ಪು. ಎಡಗೈ ಕಳೆದುಕೊಂಡ ಬಡಗಿಗೆ ಒಂದು ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ದುರ್ಬಲತೆ ಸಂಪೂರ್ಣ ಅಂದದ್ದೂ ಅದೇ ತೀರ್ಪು. ಬಡ್ಡಿಯ ಮಾತನ್ನು 2022ರಲ್ಲಿ ಮತ್ತೆ ಹೇಳಿದೆ. ಆದರೂ "ಆದೇಶದ ದಿನದಿಂದ" ಅಂತ ಬರೆದ ಆದೇಶಗಳು ಬರ್ತಾವೆ. ಹಾಗಾದರೆ ಹೈಕೋರ್ಟಿಗೆ 60 ದಿನದೊಳಗೆ ಮೇಲ್ಮನವಿ. ರಾಯಚೂರು ಜಿಲ್ಲೆಗೆ ಕಲಬುರಗಿ ಪೀಠ.

ಮಾಲೀಕ ಮೇಲ್ಮನವಿ ಹಾಕಬೇಕಾದರೆ ಮೊದಲು ಪೂರ್ತಿ ಮೊತ್ತ ಠೇವಣಿ ಇಟ್ಟು ಪ್ರಮಾಣಪತ್ರ ಲಗತ್ತಿಸಬೇಕು. ಕೊಡದೇ ಸುಮ್ಮನೆ ಕೂತರೆ 31ನೇ ಕಲಂ ಅಡಿ ಭೂಕಂದಾಯ ಬಾಕಿಯಂತೆ ವಸೂಲಿ. ಅರ್ಜಿ ಹಾಕುವಾಗಲೇ ಶೆಡ್ಡಿನ ಜಿಎಸ್‌ಟಿ ನಂಬರ್, ಮಾಲೀಕರ ಮನೆ ವಿಳಾಸ, ಮಷೀನ್‌ಗಳ ವಿವರ ಬರೆದಿಟ್ಟುಕೊಂಡರೆ ವಸೂಲಿ ಹಂತದಲ್ಲಿ ತಹಶೀಲ್ದಾರ್ ಕಚೇರಿಗೆ ಕೊಡೋಕೆ ಏನಾದರೂ ಇರುತ್ತೆ. ಶೆಡ್ ರಾತ್ರೋರಾತ್ರಿ ಹೆಸರು ಬದಲಿಸಿಕೊಳ್ಳುವುದು ಅಪರೂಪವಲ್ಲ. ಬಂದ ಹಣವನ್ನು ಸಾಲಗಾರರು ಜಪ್ತಿ ಮಾಡುವಂತಿಲ್ಲ, 9ನೇ ಕಲಂ.

ಸಿಂಧನೂರು ಮಿತ್ರ

ಎಲ್ಲರಿಗೂ ವಂದನೆಗಳು. ಮನೆಯವರಿಗೆ ಲೆಕ್ಕ ತೋರಿಸಿದೆ, ಸಹಿ ಹಾಕಲ್ಲ ಅಂತ ತೀರ್ಮಾನ ಆಯಿತು. ಇಎಸ್ಐ ಶಾಖೆಗೆ ದೂರು, ಎರಡು ನೋಟಿಸು, ಕೇಸ್ ಶೀಟ್ ನಕಲಿಗೆ ಅರ್ಜಿ ಮೊದಲು. ಶೆಡ್‌ನಲ್ಲಿ ನಿಜವಾಗಿ ಹದಿನಾಲ್ಕು ಜನ ಇದ್ದರು ಅಂತ ಹುಡುಗ ಹೇಳ್ತಾನೆ, ಪ್ಯಾಕಿಂಗ್‌ನ ಐವರು ಸೇರಿ.

ಇಎಸ್ಐ ಲೆಕ್ಕ

ಹಾಗಿದ್ದರೆ ಇದು ಇಎಸ್ಐ ಕೇಸೇ ಆಗುವ ಸಾಧ್ಯತೆ ಹೆಚ್ಚು. ಆ ಹದಿನಾಲ್ಕು ಜನರ ಹೆಸರು, ಯಾವ ಮಷೀನ್, ಯಾವ ಶಿಫ್ಟ್, ಅವನಿಗೆ ನೆನಪಿರುವಾಗಲೇ ಬರೆಸಿ, ದೂರಿನ ಜೊತೆ ಲಗತ್ತಿಸಿ. ಶಾಖೆಯವರು ತಪಾಸಣೆಗೆ ಬಂದ ದಿನ ಪ್ಯಾಕಿಂಗ್‌ನವರನ್ನು ರಜೆ ಕಳಿಸಿರ್ತಾರೆ, ಪಟ್ಟಿ ಕೈಯಲ್ಲಿದ್ದರೆ ಇನ್‌ಸ್ಪೆಕ್ಟರ್ ಹೆಸರು ಹಿಡಿದು ಕೇಳಬಹುದು. 2027ರ ಆಗಸ್ಟ್ ಒಳಗೆ ಇಎಸ್ಐ ಉತ್ತರ ಬಾರದಿದ್ದರೆ ಕಾಯಬೇಡಿ. ಗಡುವು ಉಳಿಸಿಕೊಳ್ಳೋಕೆ ಪರಿಹಾರ ಅರ್ಜಿಯನ್ನೂ ಹಾಕಿ, ಇಎಸ್ಐ ದೂರು ಬಾಕಿ ಇದೆ ಅಂತ ಅದರಲ್ಲೇ ಬರೆಯಿರಿ.